ಆಯಿಲ್ ಸ್ಕ್ರೀನಿನಲ್ಲಿ ಮಿನುಗಿದ ಚೂರುಗಳು

ನಾನು ನೋಡಿಕೊಳ್ಳುವ ಸೆಸ್ನಾ 172 ಎಂಬ ಪುಟ್ಟ ವಿಮಾನದ ಲೈಕಮಿಂಗ್ ಒ-320 ಎಂಜಿನ್‌ಗೆ ಆಯಿಲ್ ಸೋಸಲು ಕಾಗದದ ಫಿಲ್ಟರ್ ಇಲ್ಲ; ಜಾಲರಿಯ ಸ್ಕ್ರೀನುಗಳೇ ಗತಿ. ಹೀಗಾಗಿ 25 ಗಂಟೆಗಳ ಹಾರಾಟಕ್ಕೊಮ್ಮೆ ಆಯಿಲ್ ಬದಲಿಸಿ ಸ್ಕ್ರೀನ್ ತೊಳೆಯಬೇಕು. ಈ ಬಾರಿ, ಪಂಪ್ ದಾಟಿ ಬರುವ ಆಯಿಲನ್ನು ಸೋಸುವ ಪ್ರೆಷರ್ ಸ್ಕ್ರೀನ್ ಹೊರತೆಗೆದಾಗ ಕಪ್ಪು ಚೂರುಗಳ ನಡುವೆ ಏನೋ ಮಿನುಗಿತು. ಅದು ಲೋಹವಾಗಿದ್ದರೆ ಎಂಜಿನ್ನಿನ ಒಳಭಾಗ ಸವೆಯುತ್ತಿದೆ ಎಂದರ್ಥ; ಎದೆ ಧಸಕ್ಕೆಂದಿತು.

ಬಿಳಿ ಬಟ್ಟಲಿನಲ್ಲಿ ಸಾಲ್ವೆಂಟ್ ಹಾಕಿ ಸ್ಕ್ರೀನನ್ನು ಅಲುಗಾಡಿಸಿದೆ. ಆ ದ್ರವವನ್ನು ಕಾಫಿ ಸೋಸುವ ಕಾಗದದಲ್ಲಿ ಸೋಸಿ ಒಣಗಿಸಿದೆ. ಪ್ಲಾಸ್ಟಿಕ್ ಸುತ್ತಿದ ಅಯಸ್ಕಾಂತಕ್ಕೆ ಒಂದು ಚೂರೂ ಅಂಟಲಿಲ್ಲ. ಅಷ್ಟಕ್ಕೇ ನಿರಾಳವಾಗುವಂತಿಲ್ಲ: ಕವಾಟಗಳನ್ನು ತೆರೆಯುವ ಕ್ಯಾಮ್, ಟ್ಯಾಪೆಟ್‌ಗಳ ಉಕ್ಕು ಅಂಟುತ್ತದೆ, ಪಿಸ್ಟನ್ ಪಿನ್ನಿನ ತುದಿಯಲ್ಲಿರುವ ಪ್ಲಗ್‌ಗಳ ಅಲ್ಯೂಮಿನಿಯಂ ಅಂಟುವುದಿಲ್ಲ. ಆದ್ದರಿಂದ ಚೂರುಗಳನ್ನು ಎರಡು ಗಾಜಿನ ತುಣುಕುಗಳ ನಡುವೆ ಇಟ್ಟು ಒತ್ತಿದೆ. ಪುಡಿಯಾಗಿ ಮಸಿ ಹರಡಿತು. ಲೋಹವಾಗಿದ್ದರೆ ಚಪ್ಪಟೆಯಾಗುತ್ತಿತ್ತು. ಬರೀ ಇಂಗಾಲ!

ಎಂಜಿನ್ನಿನ ತಳದ ಆಯಿಲ್ ತೊಟ್ಟಿ, ಅಂದರೆ ಸಂಪ್‌ನಲ್ಲಿರುವ ಸಕ್ಷನ್ ಸ್ಕ್ರೀನನ್ನು ಕೆಲವರು ಬಿಚ್ಚುವ ಗೋಜಿಗೇ ಹೋಗುವುದಿಲ್ಲ. ನನಗೆ ಅದು ಒಪ್ಪಿಗೆಯಿಲ್ಲ. ದೊಡ್ಡ ಚೂರುಗಳು ಪಂಪ್ ತಲುಪುವ ಮೊದಲು ಸಿಕ್ಕಿಬೀಳುವುದು ಅಲ್ಲೇ. ಅದೂ ಶುದ್ಧವಾಗಿತ್ತು.

ನಿಜವಾಗಿ ಹೊತ್ತು ತಿಂದದ್ದು ಪ್ರೆಷರ್ ಸ್ಕ್ರೀನ್ ಹೌಸಿಂಗಿಗೆ ಕಚ್ಚಿಕೊಂಡಿದ್ದ ಹಳೆಯ ಗ್ಯಾಸ್ಕೆಟ್, ಅಂದರೆ ಸಂದಿಯಲ್ಲಿ ಸೋರಿಕೆ ತಡೆಯುವ ಪದರ. ಪ್ಲಾಸ್ಟಿಕ್ ಸ್ಕ್ರೇಪರಿನಿಂದ ಸಾವಧಾನವಾಗಿ ಕೆರೆದೆ. ಚಾಕು ಹಿಡಿದು ಅಲ್ಯೂಮಿನಿಯಂ ಮೇಲೆ ಗೀರೆಳೆದರೆ ಹೊಸ ಗ್ಯಾಸ್ಕೆಟ್ ಕೂಡ ಸೋರಬಹುದು. ಚೂರು ಒಳಗೆ ಬೀಳದಂತೆ ತೂತಿಗೆ ತುರುಕಿದ್ದ ಬಟ್ಟೆಯನ್ನು ತೆಗೆದೆನೆಂದು ಕೆಲಸದ ಕಾರ್ಡಿನಲ್ಲಿ ಬೇರೆಯಾಗಿ ಬರೆದೆ. ಹೊಸ ಗ್ಯಾಸ್ಕೆಟ್, ಕೈಪಿಡಿ ಹೇಳಿದಷ್ಟೇ ಟಾರ್ಕ್ (ಬಿಗಿತ), ಬೋಲ್ಟ್ ಸಡಿಲವಾಗದಂತೆ ಲಾಕ್ ವೈರ್. ಎಂಜಿನ್ ಚಾಲೂ ಮಾಡಿದೊಡನೆ ಒತ್ತಡದ ಮುಳ್ಳು ಏರಿತು; ನಿಲ್ಲಿಸಿ ಟಾರ್ಚ್ ಹಿಡಿದು ನೋಡಿದಾಗ ಸೋರಿಕೆ ಇರಲಿಲ್ಲ. ಲಾಗ್‌ಬುಕ್‌ನಲ್ಲಿ ದಾಖಲಿಸಿ ಸಹಿ ಹಾಕಿದೆ.