ಚಿತ್ರ ವಿಂಗಡಿಸೋ ಆಟ ಕೊನೆಗೂ ಕೈಹತ್ತಿದ್ದು ಹೀಗೆ

"ಮೂರು ವರ್ಷದ ಮಕ್ಕಳಿಗೆ ಇದೆಲ್ಲ ಎಲ್ಲಿ ತಲೆಗೆ ಹೋಗುತ್ತೆ, ಬಿಡಿ" ಅಂದಿದ್ದ ಜೊತೆ ಟೀಚರುಗಳೇ ಈಗ ನನ್ನ ಕಾರ್ಡಿನ ಕಟ್ಟು ಕೇಳಿ ಒಯ್ತಿದ್ದಾರೆ. ಅದಕ್ಕೇ ಬರೀತಿದ್ದೀನಿ.

ಮೊದಲ ಸಲ ನಲವತ್ತೋ ಐವತ್ತೋ ಫೋಟೊ, ಎಲ್ಲ ಕಲರ್ ಪ್ರಿಂಟು, ಮೇಲೆ ಲ್ಯಾಮಿನೇಶನ್. ದುಡ್ಡು ನನ್ನ ಕೈಯಿಂದಲೇ. ಪ್ರಾಣಿ ಒಂದು ಬುಟ್ಟಿಗೆ, ವಾಹನ ಇನ್ನೊಂದಕ್ಕೆ. ವಾರದೊಳಗೆ ಪಟಪಟ ಹಾಕತೊಡಗಿದರು, ನಾನು ಉಬ್ಬಿಹೋದೆ. ಆಮೇಲೊಂದು ದಿನ ಟಾರು ರಸ್ತೆ ಮಧ್ಯೆ ನಿಂತ ಹಸುವಿನ ಫೋಟೊ ಸೇರಿಸಿದೆ. ನೇರ ವಾಹನದ ಬುಟ್ಟಿಗೆ! ಐದಾರು ಮಕ್ಕಳು ಹಾಗೇ ಮಾಡಿದರು. ಸಂಜೆ ಕಾರ್ಡೆಲ್ಲ ನೆಲದ ಮೇಲೆ ಹರಡಿ ನೋಡಿದರೆ, ಪ್ರಾಣಿಗಳ ಹಿಂದೆಲ್ಲ ಹುಲ್ಲು, ವಾಹನಗಳ ಹಿಂದೆಲ್ಲ ಬೂದು ರಸ್ತೆ. ಇಷ್ಟು ದಿನ ಹಸಿರು-ಬೂದು ಬೇರೆ ಮಾಡ್ತಿದ್ದರು ಪಾಪ. ಅಷ್ಟೂ ಲ್ಯಾಮಿನೇಶನ್ ದಂಡ.

ಎರಡನೇ ಸಲ ಬಿಳಿ ರಟ್ಟು, ಕೈಯಲ್ಲಿ ಬಿಡಿಸಿದ ಚಿತ್ರ, ಹನ್ನೆರಡೇ ಕಾರ್ಡು. ಖರ್ಚು ಇಲ್ಲವೆಂದರೂ ಸರಿ. ಬಣ್ಣ ಬೇಕಂತಲೇ ಕಲೆಸಿದೆ: ಕೆಂಪು ಬಸ್ಸಿದ್ದರೆ ಕೆಂಪು ಹುಂಜವೂ ಇರಬೇಕು. ಸೀಳುಬಾಯಿಯ ಡಬ್ಬ ಬೇಡವೇ ಬೇಡ, ಟಪ್ ಅಂತ ಬೀಳೋ ಸದ್ದಿಗೆ ಮರುಳಾಗಿ ಚಿತ್ರ ನೋಡೋದೇ ಇಲ್ಲ. ಅಗಲದ ತಟ್ಟೆಯಾದರೆ ಹಾಕಿದ್ದು ಕಣ್ಣಮುಂದೆ ಇರುತ್ತೆ, ತಾವೇ ಎತ್ತಿ ಬದಲಾಯಿಸ್ತಾರೆ.

ಒಬ್ಬ ಹುಡುಗ ನಾಯಿ ಪಕ್ಕ ಮನೆ ಇಟ್ಟ. "ಯಾಕೋ?" "ನಾಯಿ ಮನೆ ಕಾಯುತ್ತಲ್ಲ ಮಿಸ್!" ತಪ್ಪು ಅನ್ನಲಿಲ್ಲ. "ಹೌದಲ್ವಾ, ಈಗ ನಾಯಿ ಥರ ಓಡಾಡಿ ತಿನ್ನೋದು ಯಾವುದು, ಹುಡುಕು" ಅಂದೆ. ಸೀದಾ ಬೆಕ್ಕಿಗೆ ಕೈ ಹಾಕಿದ.

ನಡುವೆ ಇನ್ನೊಂದು ಹುಚ್ಚು. ಬಣ್ಣದಂತೆ ವಿಂಗಡಿಸಿದ ಕಾರ್ಡನ್ನೇ ಆಕಾರದಂತೆ ವಿಂಗಡಿಸಲು ಹೇಳಿದೆ. ಮೂರರ ಮಕ್ಕಳು ಹೊಸ ನಿಯಮ ಬಾಯಲ್ಲಿ ಸರಿಯಾಗೇ ಹೇಳ್ತಾರೆ, ಕೈ ಮಾತ್ರ ಹಳೇ ತಟ್ಟೆಗೇ ಹೋಗುತ್ತೆ. ಮೊಲ, ದೋಣಿ ಕಾರ್ಡಿಟ್ಟು ಮನಶ್ಶಾಸ್ತ್ರದವರು ಮಾಡೋ ಪರೀಕ್ಷೇಲೂ ಇದೇ ಗತಿಯಂತೆ, ಐದರ ಹೊತ್ತಿಗೆ ಹೆಚ್ಚಿನವರಿಗೆ ತಾನಾಗೇ ಬರುತ್ತೆ. ಮೂರು ವಾರ ಗುದ್ದಾಡಿ ಕೈಬಿಟ್ಟೆ.

ಹೆಚ್ಚು ಫಲ ಕೊಟ್ಟದ್ದು ನಾನೇ ತಪ್ಪು ಹಾಕೋದು. ಮೀನನ್ನು ಬಸ್ಸಿನ ಜೊತೆ ಇಟ್ಟರೆ ಕ್ಲಾಸೇ ಎದ್ದು ಕೂಗುತ್ತೆ. ಈಗ ಇಪ್ಪತ್ತರಲ್ಲಿ ಹದಿನಾರು-ಹದಿನೇಳು ಮಕ್ಕಳು ಹೊಸ ಕಾರ್ಡನ್ನೂ ಸರಿಯಾಗಿ ಹಾಕ್ತಾರೆ. ಮೊದಲ ನಾಲ್ಕು ಕಾರ್ಡು ಯಾವ ಸರದೀಲಿ ಕೊಡ್ತೀನಿ ಅನ್ನೋದು ಮಾತ್ರ ನನ್ನ ಹತ್ರವೇ ಇರಲಿ.

ಬಾವಲಿ ಕಾರ್ಡನ್ನು ಕಟ್ಟಿನಿಂದ ತೆಗೆದಿಟ್ಟಿದ್ದೀನಿ. ಪ್ರಾಣಿನೋ ಪಕ್ಷಿನೋ ಅಂತ ಹತ್ತಿದ ಜಗಳ ಬೆಲ್ ಹೊಡೆದರೂ ಮುಗಿದಿರಲಿಲ್ಲ.