ಪಂಪ್‌ಹೌಸಿನಿಂದ ತೋಟದ ಮನೆಗೆ ಆರ್‌ಎಸ್-485 ಕೇಬಲ್ ಎಳೆಯುವ ಬಗೆ

ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಪಂಪ್‌ಹೌಸ್ ಕೆಳಗೆ ಕೆರೆಯ ಪಕ್ಕ, ಮನೆ ಮೇಲೆ ದಿಣ್ಣೆಯಲ್ಲಿ. ನಡುವೆ 600 ಮೀಟರ್ ಇದ್ದು, ಮೋಟರಿನ ಎನರ್ಜಿ ಮೀಟರ್ ರೀಡಿಂಗ್ ಮನೆಯ ಕಂಪ್ಯೂಟರಿಗೆ ಬರಬೇಕೆಂದರೆ ಆರ್‌ಎಸ್-232 (ಹಳೆಯ ಕಂಪ್ಯೂಟರುಗಳ ಸೀರಿಯಲ್ ಪೋರ್ಟಿನ ಪದ್ಧತಿ) ಬೇಡ. ಅದು ಸಿಗ್ನಲನ್ನು ಗ್ರೌಂಡಿಗೆ ಹೋಲಿಸಿ ಓದುತ್ತದೆ, 15 ಮೀಟರ್ ದಾಟಿದರೆ ನಂಬುವಂತಿಲ್ಲ. ತಂತಿಯಲ್ಲಿ ಡೇಟಾ ಕಳಿಸುವ ಇನ್ನೊಂದು ಪದ್ಧತಿಯಾದ ಆರ್‌ಎಸ್-485 ಓದುವುದು ಎ ಮತ್ತು ಬಿ ಎಂಬ ಎರಡು ತಂತಿಗಳ ನಡುವಿನ ವೋಲ್ಟೇಜ್ ವ್ಯತ್ಯಾಸವನ್ನು. ಕಳಿಸುವವನು ಕನಿಷ್ಠ 1.5 ವೋಲ್ಟ್ ಕೊಡುತ್ತಾನೆ, ಹಿಡಿಯುವವನಿಗೆ 0.2 ವೋಲ್ಟ್ ಸಾಕು. 9600 ಬಾಡ್ (ಸೆಕೆಂಡಿಗೆ 9600 ಬಿಟ್) ವೇಗದಲ್ಲಿ 1200 ಮೀಟರಿನವರೆಗೂ ನಡೆಯುತ್ತದೆ.

ಶೀಲ್ಡ್ (ತಂತಿಗಳ ಸುತ್ತ ಲೋಹದ ಹೊದಿಕೆ) ಇರುವ, ಎರಡು ಜೋಡಿ ಹೊಸೆದ ತಂತಿಯ, 120 ಓಂ ಇಂಪಿಡೆನ್ಸಿನ ಕೇಬಲ್ ತನ್ನಿ (ಇದು ಮಲ್ಟಿಮೀಟರಿನಲ್ಲಿ ಕಾಣುವ ರೆಸಿಸ್ಟೆನ್ಸ್ ಅಲ್ಲ). ಒಂದು ಜೋಡಿ ಎ–ಬಿಗೆ, ಇನ್ನೊಂದು ಕಾಮನ್‌ಗೆ, ಅಂದರೆ ಎರಡೂ ಕಡೆಯ ಸಾಧನಗಳ ಸೊನ್ನೆ ವೋಲ್ಟನ್ನು ಜೋಡಿಸುವ ತಂತಿಗೆ. ಕಾಮನ್ ಬಿಡುವುದೇ ಎಲ್ಲಕ್ಕಿಂತ ದೊಡ್ಡ ತಪ್ಪು. 'ಎರಡೇ ತಂತಿ ಸಾಕು' ಎನ್ನುವವರ ಮಾತು ಮೇಜಿನ ಮೇಲೆ ನಿಜ, ತೋಟದಲ್ಲಿ ಅಲ್ಲ. ಎರಡು ಕಟ್ಟಡಗಳ ಅರ್ತಿಂಗ್ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಆ ಅಂತರ ಸೇರಿ ತಂತಿಯ ವೋಲ್ಟೇಜ್ −7ರಿಂದ +12 ವೋಲ್ಟಿನ ಮಿತಿ ಮೀರಿದರೆ ಚಿಪ್ ಮೊದಲು ತಪ್ಪು ಓದುತ್ತದೆ, ಇನ್ನೂ ಹೆಚ್ಚಿದರೆ ಸುಡುತ್ತದೆ. 485ನ್ನು ಕಂಪ್ಯೂಟರಿಗೆ ಜೋಡಿಸುವ ಕನ್ವರ್ಟರ್ ಐಸೊಲೇಟೆಡ್ (ಎರಡು ಬದಿಗಳ ನಡುವೆ ನೇರ ವಿದ್ಯುತ್ ಸಂಪರ್ಕವಿಲ್ಲದ) ಆಗಿರಲಿ, ಅದರಲ್ಲಿ ಹಣ ಉಳಿಸಬೇಡಿ. ಶೀಲ್ಡಿಗೆ ಮನೆಯ ತುದಿಯಲ್ಲಿ ಮಾತ್ರ ಅರ್ತಿಂಗ್.

ಮೀಟರುಗಳು ಹಲವಿದ್ದರೆ ಒಂದರಿಂದ ಇನ್ನೊಂದಕ್ಕೆ ಸಾಲಾಗಿ ಹೋಗಬೇಕು, ಕವಲು ಬೇಡ. ಸಿಗ್ನಲ್ ತುದಿಗೆ ಬಡಿದು ಹಿಂದಿರುಗದಂತೆ ಸಾಲಿನ ಎರಡು ತುದಿಗಳಿಗೆ ಮಾತ್ರ ಎ–ಬಿ ನಡುವೆ 120 ಓಂ ರೆಸಿಸ್ಟರ್. ಎಲ್ಲದರ ಕರೆಂಟ್ ತೆಗೆದು ಎ–ಬಿ ನಡುವೆ ಮಲ್ಟಿಮೀಟರ್ ಇಟ್ಟರೆ 60ರಿಂದ 80 ಓಂ ತೋರಬೇಕು (ಉದ್ದ ಕೇಬಲಿನ ತಂತಿಯ ರೆಸಿಸ್ಟೆನ್ಸ್ ಸೇರುವುದರಿಂದ ಸರಿಯಾಗಿ 60 ಬರದು). 120ರ ಹತ್ತಿರ ಬಂದರೆ ಒಂದು ತುದಿಯ ರೆಸಿಸ್ಟರ್ ಇಲ್ಲ, ಇಲ್ಲವೇ ತಂತಿ ತುಂಡಾಗಿದೆ. 40ರ ಸುತ್ತ ಬಂದರೆ ಮಧ್ಯದ ಯಾವುದೋ ಮೀಟರಿನ ಒಳಗಿನ 120 ಓಂ ರೆಸಿಸ್ಟರನ್ನು ಜೋಡಿಸುವ ಜಂಪರ್ (ಚಿಕ್ಕ ಕೊಂಡಿ) ತೆಗೆದಿಲ್ಲ.

ಯಾರೂ ಮಾತಾಡದಾಗಲೂ ಎ–ಬಿ ನಡುವೆ 0.2 ವೋಲ್ಟಿಗಿಂತ ಹೆಚ್ಚಿರಬೇಕು. ಇಲ್ಲದಿದ್ದರೆ ಕಸದ ಅಕ್ಷರಗಳು ಬರುತ್ತವೆ. ಮನೆಯ ತುದಿಯಲ್ಲಿ 5 ವೋಲ್ಟಿನಿಂದ ಒಂದು ತಂತಿಗೆ, ಕಾಮನ್‌ನಿಂದ ಇನ್ನೊಂದಕ್ಕೆ 560 ಓಂ ಹಾಕಿದರೆ ಸುಮಾರು 0.25 ಸಿಗುತ್ತದೆ, 680 ಹಾಕಿದರೆ 0.21, ತೀರಾ ಅಂಚು.

ಮೀಟರ್ ಉತ್ತರವನ್ನೇ ಕೊಡದಿದ್ದರೆ ಅದರ ಎ, ಬಿ ಅದಲುಬದಲು ಮಾಡಿ ನೋಡಿ. ಈ ಹೆಸರುಗಳನ್ನು ಕಂಪನಿಗಳು ಒಂದೇ ರೀತಿ ಬಳಸುವುದಿಲ್ಲ. ತಿರುಗಿಸಿದ್ದರಿಂದ ಏನೂ ಸುಡುವುದಿಲ್ಲ.

ಏಪ್ರಿಲ್–ಮೇ ಗುಡುಗಿನ ಮಳೆಗೆ ಎರಡೂ ತುದಿಯಲ್ಲಿ ಎಸ್‌ಎಂ712 ಟಿವಿಎಸ್ (ಹಠಾತ್ ಏರುವ ವೋಲ್ಟೇಜನ್ನು ತಡೆಯುವ ಡಯೋಡ್), ಅದರ ಮುಂದೆ, ಕೇಬಲಿನ ಕಡೆ, ದೊಡ್ಡ ಹೊಡೆತವನ್ನು ಅರ್ತಿಂಗಿಗೆ ಹರಿಸುವ ಗ್ಯಾಸ್ ಅರೆಸ್ಟರ್ ಇರಲಿ. ನೇರ ಸಿಡಿಲನ್ನು ಅವೂ ತಡೆಯಲಾರವು. ಕೇಬಲಿನ ತುದಿಗಳಿಗೆ ಕೀಳುವಂಥ ಕನೆಕ್ಟರ್ ಹಾಕಿ, ಮೋಡ ಕವಿದಾಗಲೇ ಎರಡೂ ಕಡೆ ಕಿತ್ತಿಡಿ. ಗುಡುಗು ಶುರುವಾದ ಮೇಲೆ ಮುಟ್ಟಬೇಡಿ.