ಹಾಡಿನ ಸಾಹಿತ್ಯವನ್ನು ಹಂಚುವ ಮುನ್ನ

ಚಿಕ್ಕಮಗಳೂರಿನ ನಮ್ಮ ಭಾವಗೀತೆ ಬಳಗದಲ್ಲಿ ಹಾಡುಗಳ ಪೂರ್ಣ ಸಾಹಿತ್ಯವನ್ನು ಟೈಪ್ ಮಾಡಿ ಹಂಚುತ್ತಿರುವ ಎಲ್ಲರಲ್ಲೂ ಒಂದು ವಿನಂತಿ. 1957ರ ಕೃತಿಸ್ವಾಮ್ಯ ಕಾಯ್ದೆಯು ಹಾಡಿನ ಸಾಲುಗಳನ್ನು ಸಾಹಿತ್ಯ ಕೃತಿಯೆಂದೇ ಪರಿಗಣಿಸುತ್ತದೆ. ಕವಿ ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷಗಳವರೆಗೆ ಅದರ ಹಕ್ಕು ಉಳಿದಿರುತ್ತದೆ. ನಮ್ಮ ಜಿಲ್ಲೆಯಲ್ಲೇ ಜನಿಸಿದ ಕುವೆಂಪು ಅವರು 1994ರಲ್ಲಿ ನಿಧನರಾದದ್ದರಿಂದ, ಅವರು ಬದುಕಿದ್ದಾಗ ಪ್ರಕಟವಾದ ಗೀತೆಗಳ ಹಕ್ಕು 2054ರ ಕೊನೆಯವರೆಗೂ ಇರುತ್ತದೆ. ಕೆಳಗೆ ಕವಿಯ ಹೆಸರು ಹಾಕಿದರೆ ಸಾಕೆಂದು ಹಲವರು ನಂಬಿದ್ದಾರೆ. ಹೆಸರು ಹಾಕುವುದು ಅಗತ್ಯವಾದ ಗೌರವವೇ ಹೌದು, ಆದರೆ ಅದರಿಂದ ಅನುಮತಿ ದೊರೆತಂತಾಗುವುದಿಲ್ಲ.

ಹವ್ಯಾಸಿ ಬಳಗವೊಂದು ಹಣ ಪಡೆಯದೆ ಸಭಿಕರ ಮುಂದೆ ಹಾಡುವುದಕ್ಕೆ ಕಾಯ್ದೆಯ 52ನೇ ಕಲಂ ಅವಕಾಶ ನೀಡುತ್ತದೆಯಾದರೂ, ಆ ವಿನಾಯಿತಿಯು ಸಾಹಿತ್ಯದ ಪ್ರತಿಗಳನ್ನು ಮಾಡಿ ಹಂಚುವುದಕ್ಕೆ ಅನ್ವಯಿಸುವುದಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ಹಾಡಿನ ಹೆಸರು, ಕವಿ ಮತ್ತು ಸಂಕಲನವನ್ನು ತಿಳಿಸಿ. ವಿಮರ್ಶೆ ಬರೆಯುವಾಗ ಅದಕ್ಕೆ ಬೇಕಾದ ಒಂದೆರಡು ಸಾಲುಗಳನ್ನಷ್ಟೇ ಉದ್ಧರಿಸಿ. ಪೂರ್ಣ ಪಾಠವೇ ಬೇಕಿದ್ದರೆ ಹಕ್ಕುದಾರರಾದ ಪ್ರಕಾಶಕರಿಗೋ ಕವಿಯ ಕುಟುಂಬದವರಿಗೋ ಪತ್ರ ಬರೆದು, ಲಿಖಿತ ಒಪ್ಪಿಗೆ ಪಡೆಯುವುದು ಕ್ಷೇಮ. ವಚನಗಳ ಮತ್ತು ದಾಸರ ಪದಗಳ ಮೂಲ ಪಾಠಕ್ಕೆ ಈ ನಿರ್ಬಂಧವಿಲ್ಲ. ಇತ್ತೀಚಿನ ಸಂಪಾದಕರು ಬರೆದ ಟಿಪ್ಪಣಿಗಳನ್ನು ಮಾತ್ರ ನಕಲು ಮಾಡಬೇಡಿ.